ಹತ್ತು ಗಜಕ್ಕೆ ನಾಲ್ಕು ಸಲ

ಮತ್ತಿಗಿರಿ
28-1-1945, ಭಾನುವಾರ ಬೆಳಿಗ್ಗೆ

ಚಿರಂಜೀವಿ ಚಿನ್ನಪ್ಪನಿಗೆ,

ನಿನ್ನ ಅಪ್ಪ ಮುತ್ತರಾಯಪ್ಪ ತಲೆ ಸವರಿ ಮಾಡುವ ಆಶೀರ್ವಾದ. ನಾವಿಲ್ಲಿ ಊಟಕ್ಕೂ ನಿದ್ದೆಗೂ ಕೊರತೆಯಿಲ್ಲದೆ ಇದ್ದೇವೆ. ನೀನು ಹೇಗಿದ್ದೀಯ? ಗಾಯ ಪೂರ್ತಿ ಒಣಗಿತೆ? ಪುಣೆಯ ಚಳಿ ನಮ್ಮ ಕಡೆಯ ಚಳಿಗಿಂತ ಒಣ ಚಳಿಯಂತೆ, ಕಿವಿಗೆ ಬಟ್ಟೆ ಕಟ್ಟಿಕೊ. ಆಸ್ಪತ್ರೆಯಲ್ಲಿ ರೊಟ್ಟಿ ಕೊಟ್ಟೂ ಕೊಟ್ಟೂ ಮಗನ ಹೊಟ್ಟೆ ಒಣಗಿಸಿರುತ್ತಾರೆ, ಒಂದು ಹೊತ್ತಾದರೂ ಮುದ್ದೆ ಕೊಡುತ್ತಾರೆಯೇ ಕೇಳಿ ಎಂದು ನಿನ್ನ ಅಮ್ಮ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಾಳೆ. ಈ ವರ್ಷ ಅವರೆಕಾಯಿ ಚೆನ್ನಾಗಿ ಬಂದಿದೆ. ಸಾನಮಾವಿನ ಕಾಡಿನಿಂದ ಆನೆಗಳು ಎರಡು ಸಲ ಬಂದು ನಮ್ಮ ರಾಗಿ ಬಿಟ್ಟು ಪಕ್ಕದ ಹೊಲದ್ದನ್ನು ತಿಂದು ಹೋದವು. ನಮ್ಮ ರಾಗಿಗೆ ಅಷ್ಟೂ ರುಚಿಯಿಲ್ಲವೇ ಎಂದು ನಿನ್ನ ಅಮ್ಮನಿಗೆ ಅದರ ಮೇಲೂ ಬೇಸರ. ಇದು ನಾನು ನಿನಗೆ ಬರೆಯುತ್ತಿರುವ ನಾಲ್ಕನೆಯ ಪತ್ರ. ಹಿಂದಿನ ಮೂರಕ್ಕೂ ಉತ್ತರವಿಲ್ಲ. ನಿನ್ನ ಪಕ್ಕದ ಮಂಚದಲ್ಲಿರುವ ಕೃಷ್ಣಗಿರಿಯ ಪಾಪಣ್ಣ ತನ್ನ ಮನೆಗೆ ಬರೆದಾಗ ನಿನ್ನ ವಿಷಯವನ್ನೂ ಒಂದು ಸಾಲು ಬರೆದಿದ್ದನಂತೆ. ನೀನು ನನ್ನ ಪತ್ರಗಳನ್ನು ಎರಡೆರಡು ಸಲ ಓದಿ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತೀಯೆಂದು ಆ ಪುಣ್ಯಾತ್ಮ ತಿಳಿಸಿದ. ಹಾಗಾಗಿ ಮತ್ತೆ ಬರೆಯುತ್ತಿದ್ದೇನೆ. ಮಧ್ಯೆ ಒಡೆದು ಓದುವ ಮಿಲಿಟರಿ ದೊರೆಗೂ ಒಂದು ನಮಸ್ಕಾರ. ಇದರಲ್ಲಿ ಹೇಸರಗತ್ತೆ, ಒಂದು ಚೆಂಡು ಮತ್ತು ಮಗನ ಮೇಲಿನ ಕೋಪ ಬಿಟ್ಟರೆ ಯುದ್ಧದ ಗುಟ್ಟು ಏನೂ ಇಲ್ಲ.

ಕೋಪ ಏಕೆಂದು ನಿನಗೆ ಗೊತ್ತು. ಸೆಪ್ಟೆಂಬರಿನಲ್ಲಿ ನೀನು ಬರೆದ ಪತ್ರ ನನ್ನ ಹಲ್ಲಿಗೆ ಸಿಕ್ಕಿದ ಕಲ್ಲಿನಂತೆ ಇನ್ನೂ ನೋಯುತ್ತಿದೆ. ಎಡಗಾಲು ಮಂಡಿಯ ಕೆಳಗಿಂದ ಹೋಯಿತು ಎಂದು ಬರೆದೆ, ಅಳುತ್ತಲೇ ಓದಿದೆವು. ಆಸ್ಪತ್ರೆಯವರು ಮರದ ಕಾಲು ಕೊಟ್ಟರು, ಅದು ಉಜ್ಜಿ ಹುಣ್ಣಾಯಿತು, ಮಂಚದ ಕೆಳಗೆ ಬಿಸಾಕಿದೆ ಎಂದು ಬರೆದೆ, ಅದನ್ನೂ ನುಂಗಿಕೊಂಡೆವು. ಆಮೇಲೆ ಬರೆದೆಯಲ್ಲ, ಊರಿಗೆ ಬರುವುದಿಲ್ಲ, ಇಲ್ಲೇ ಎಲ್ಲಾದರೂ ಗೇಟು ಕಾಯುವ ಕೆಲಸ ನೋಡಿಕೊಳ್ಳುತ್ತೇನೆ, ಗೋವಿಂದಮ್ಮನನ್ನು ಗುಮ್ಮಳಾಪುರದ ತವರಿಗೆ ಕಳಿಸಿಬಿಡಿ ಎಂದು. ಅದನ್ನು ನಿನ್ನ ಹೆಂಡತಿಗೆ ಓದಿ ಹೇಳುವ ಪಾಡು ನನ್ನದಾಯಿತು. ಅವಳು ರಾಗಿ ಬೀಸುತ್ತಿದ್ದಳು. ಪೂರ್ತಿ ಕೇಳಿದಳು. ಗೂಟವನ್ನು ಹಿಡಿದ ಕೈ ಒಂದು ಗಳಿಗೆ ನಿಂತಿತು. "ತಾಳಿ ಕಟ್ಟಿದ್ದು ಕೈಯಲ್ವಾ ಮಾವ, ಕಾಲಲ್ವಲ್ಲ" ಅಂದಳು, ಮತ್ತೆ ಬೀಸತೊಡಗಿದಳು. ಆ ದಿನ ಮೂರು ಸೇರು ಬೀಸುವ ಕಡೆ ಆರು ಸೇರು ಬೀಸಿದಳು. ಅವಳನ್ನು ತವರಿಗೆ ಕಳಿಸುವುದು ನನ್ನಿಂದ ಆಗುವ ಕೆಲಸವಲ್ಲ. ಧೈರ್ಯವಿದ್ದರೆ ನೀನೇ ಬಂದು ಕಳಿಸು.

ಈಗ ಊರಿನ ಸುದ್ದಿ ಹೇಳುತ್ತೇನೆ. ಸರ್ಕಾರಿ ದನದ ಫಾರಂನ ಪಕ್ಕದ ಬಯಲಿನಲ್ಲಿ ಕಳೆದ ಆಗಸ್ಟಿನಿಂದ ಹೇಸರಗತ್ತೆಗಳ ಕ್ಯಾಂಪು ಬಿದ್ದಿದೆ. ಬರ್ಮಾದ ಬೆಟ್ಟ ಹತ್ತಲು ಕಳಿಸುವವು. ಅವುಗಳ ಜೊತೆ ಅಮೆರಿಕದ ಏಳೆಂಟು ಜನ ಸಿಪಾಯಿಗಳು ಬಂದಿದ್ದಾರೆ. ಅವುಗಳಿಗೆ ಜೀನು, ಲಗಾಮು, ಹೊರೆಪಟ್ಟಿ ಹೊಲಿಯುವ ಕೆಲಸ ನನ್ನದು. ನನ್ನ ಕೆಲಸದ ರೀತಿ ನಿನಗೆ ಗೊತ್ತೇ ಇದೆ. ಒಂದೊಂದು ಪ್ರಾಣಿಗೂ ಒಂದೊಂದು ದಾರ. ಎದೆಗೊಂದು ಗಂಟು, ಹೆಗಲಿಗೊಂದು ಗಂಟು, ಹೊಟ್ಟೆಗೊಂದು ಗಂಟು. ಅದಾದ ಮೇಲೆ ಆ ದಾರ ಗೋಡೆಯ ಗೂಟಕ್ಕೆ. ಅಮೆರಿಕದವರ ಬಳಿ ಅಂಗುಲ ಬರೆದ ಟೇಪು ಇತ್ತು, ತೆಗೆದುಕೊ ಎಂದರು, ನಾನು ತೆಗೆದುಕೊಳ್ಳಲಿಲ್ಲ. ಟೇಪಿನ ಅಂಕಿಯನ್ನು ಮನಸ್ಸಿನಲ್ಲಿ ಹಿಡಿಯಬೇಕು, ದಾರ ಕೈಯಲ್ಲಿ ಇರುತ್ತದೆ. ಇವತ್ತಿಗೂ ನನ್ನ ಸಜ್ಜು ಹಾಕಿದ ಒಂದು ಪ್ರಾಣಿಗೂ ಹೆಗಲು ಹುಣ್ಣಾಗಿಲ್ಲ. ಕ್ಯಾಂಪಿನಲ್ಲಿ ಹೇಸರಗತ್ತೆಗಳನ್ನು ಮೇಯಿಸುವ ಆವುಲಪ್ಪ ಇದಕ್ಕೆ ಸಾಕ್ಷಿ. ನೀನು ಅವನನ್ನು ಮರೆತಿರಲಿಕ್ಕಿಲ್ಲ, ಚಡುಗುಡು ಆಡುವಾಗ ನಿನ್ನ ಕಾಲು ಹಿಡಿಯಲು ಹೋಗಿ ಎರಡು ಹಲ್ಲು ಕಳೆದುಕೊಂಡವನು. ಈಗಲೂ ಆ ಎರಡು ಹಲ್ಲಿನ ಸಂದಿನಿಂದಲೇ ನಿನ್ನ ಯೋಗಕ್ಷೇಮ ವಿಚಾರಿಸುತ್ತಾನೆ.

ಆ ಅಮೆರಿಕದವರಲ್ಲಿ ವಾಲ್ಟರ್ ಎಂಬವನು ಒಬ್ಬ. ನಿನ್ನ ವಯಸ್ಸೇ ಇರಬಹುದು, ಮುಖದ ತುಂಬ ರಾಗಿ ಚೆಲ್ಲಿದಂತೆ ಮಚ್ಚೆ. ಸೆಪ್ಟೆಂಬರಿನ ಒಂದು ದಿನ ಅವನು ಒಂದು ತೊಗಲಿನ ಚೆಂಡು ತಂದು ನನ್ನ ಮುಂದಿಟ್ಟು, ಹೊಲಿಗೆ ಬಿಟ್ಟಿದೆ ಎಂದು ಬೆರಳಿನಲ್ಲೇ ತೋರಿಸಿ ಹೋದ. ಚೆಂಡೋ, ಎರಡು ಕಡೆ ಮೂತಿ ಬಂದು ತೆಂಗಿನಕಾಯಿಯ ಹಾಗಿತ್ತು. ಪಾಪ, ಯಾವುದೋ ಹೇಸರಗತ್ತೆ ಅದರ ಮೇಲೆ ಕೂತಿರಬೇಕು ಎಂದುಕೊಂಡೆ. ಕೊಟ್ಟ ಕೆಲಸಕ್ಕಿಂತ ಒಂದು ಕೈ ಹೆಚ್ಚೇ ಮಾಡಿಕೊಡೋಣ ಎಂಬ ಚಪಲ ನನಗೆ. ತೊಗಲನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿದೆ, ಎರಡೂ ಮೂತಿಗಳನ್ನು ಕತ್ತರಿಸಿ ತೆಗೆದೆ, ಹೊಸ ತುಂಡು ಸೇರಿಸಿ, ಮಡಕೆಯ ಮೇಲೆ ಎಳೆದು ಒಣಗಿಸಿ, ಮೂರು ದಿನ ಕೂತು ಹುಣ್ಣಿಮೆ ಚಂದ್ರನ ಹಾಗೆ ಗುಂಡಗೆ ಹೊಲಿದೆ. ಆವುಲಪ್ಪ ನೋಡಿ ಭೇಷ್ ಅಂದ. ನಿನ್ನ ಅಮ್ಮ ಅದಕ್ಕೊಂದು ಎಣ್ಣೆಯ ಕೈ ಸವರಿದಳು. ವಾಲ್ಟರ್ ಬಂದ, ನೋಡಿದ, ತಿರುಗಿಸಿ ನೋಡಿದ, ಹುಲ್ಲಿನ ಮೇಲೆ ಕುಸಿದು ಕೂತ. ಅಳುತ್ತಿದ್ದಾನೆ ಎಂದುಕೊಂಡೆ. ನೋಡಿದರೆ ನಗು, ಕಣ್ಣಲ್ಲಿ ನೀರು ಬರುವಷ್ಟು ನಗು. ಕ್ಯಾಂಪಿನ ಗುಮಾಸ್ತ ಚೆನ್ನಕೇಶವ ಇಂಗ್ಲಿಷು ಬಲ್ಲವನು, ಅವನು ಬಂದು ಬಿಡಿಸಿ ಹೇಳಿದ ಮೇಲೆ ಗೊತ್ತಾಯಿತು, ಅವರ ದೇಶದ ಆಟಕ್ಕೆ ಚೆಂಡು ಇರಬೇಕಾದದ್ದೇ ಮೂತಿಮೂತಿಯಾಗಿ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ. ಮೂವತ್ತು ವರ್ಷದಿಂದ ಅಳತೆ ಕೇಳದೆ ಒಂದು ಪಟ್ಟಿಯನ್ನೂ ಕತ್ತರಿಸದವನು ನಾನು, ಆ ಒಂದು ದಿನ ಕೇಳದೆ ಕತ್ತರಿ ಹಾಕಿದೆ. ಆಮೇಲೆ ಅವನ ಬಳಿ ಇದ್ದ ಚಿತ್ರ ನೋಡಿ, ಕೇಳಿ, ಅಳತೆಗೆ ದಾರ ಗಂಟು ಹಾಕಿ, ಗುಮ್ಮಳಾಪುರದ ಬಡಗಿ ಅಂಜನಪ್ಪನಿಂದ ಮರದ ಅಚ್ಚು ಮಾಡಿಸಿ, ನಾಲ್ಕು ತುಂಡಿನ ಹೊಸ ಚೆಂಡು ಹೊಲಿದೆ. ಒಂದು ಕಡೆ ಸೀಳು ಬಿಟ್ಟು, ಒಳಗೆ ಗಾಳಿ ತುಂಬುವ ರಬ್ಬರು ಚೀಲ ತೂರಿಸಿ, ಸೀಳಿನ ಬಾಯನ್ನು ತೊಗಲಿನ ದಾರದಿಂದ ಎಳೆದು ಬಿಗಿಯಬೇಕು. ಆ ಬಿಗಿಯುವ ರೀತಿ ನನಗೆ ಬಹಳ ಹಿಡಿಸಿತು. ಅದನ್ನು ನೆನಪಿಟ್ಟುಕೊ.

ಅಲ್ಲಿಂದ ವಾಲ್ಟರ್ ನಮಗೆ ಹೊಂದಿಕೊಂಡುಬಿಟ್ಟ. ಅವನ ಊರು ಒಂದು ದೊಡ್ಡ ಕೆರೆಯ ದಂಡೆಯಲ್ಲಿದೆಯಂತೆ, ಚಳಿಗಾಲದಲ್ಲಿ ಕೆರೆ ಕಲ್ಲಾಗಿ ಅದರ ಮೇಲೆ ಗಾಡಿ ಹೋಗುತ್ತದಂತೆ. ಊರಿನ ಹೆಸರು ಹೇಳಿದ, ನನ್ನ ನಾಲಿಗೆಗೆ ಬರಲಿಲ್ಲ. ಆ ಊರಿಗೆ ಈ ಆಟದ ತಂಡವೊಂದಿದೆ, ಆಟ ಆಡಿಯೇ ಸಂಬಳ ತೆಗೆದುಕೊಳ್ಳುವವರದು. ದೊಡ್ಡ ದೊಡ್ಡ ಪಟ್ಟಣಗಳ ತಂಡಗಳ ಜೊತೆ ಭಾನುವಾರಕ್ಕೊಂದು ಆಟ, ಹತ್ತು ಆಟ ಆದ ಮೇಲೆ ಮೇಲಿನ ಇಬ್ಬರಿಗೆ ಕೊನೆಯ ಆಟ, ಅದರಲ್ಲಿ ಗೆದ್ದವರು ಆ ವರ್ಷಕ್ಕೆ ದೇಶಕ್ಕೇ ದೊಡ್ಡವರು. ಅವನ ಅಕ್ಕ ಪ್ರತಿ ಆಟದ ಪತ್ರಿಕೆಯ ತುಂಡು ಕತ್ತರಿಸಿ ಕಳಿಸುತ್ತಾಳೆ. ಅದು ಇಲ್ಲಿಗೆ ಬರುವಷ್ಟರಲ್ಲಿ ತಿಂಗಳು. ಅಲ್ಲಿ ಗೆದ್ದು ಉಂಡು ಮಲಗಿದ ಮೇಲೆ ಇಲ್ಲಿ ನಮಗೆ ಎದೆ ಡವಡವ. ಚೆನ್ನಕೇಶವ ಓದುತ್ತಿದ್ದ, ಆವುಲಪ್ಪ ಲಾಯದ ಬಾಗಿಲ ಮೇಲೆ ಗೆದ್ದರೆ ಸುಣ್ಣದ ಗೀಟು, ಸೋತರೆ ಇದ್ದಿಲಿನ ಗೀಟು ಎಳೆಯುತ್ತಿದ್ದ. ಮೊದಲನೆಯದೇ ಇದ್ದಿಲು. ಆವುಲಪ್ಪ ಅದು ಲೆಕ್ಕಕ್ಕಿಲ್ಲ ಎಂದು ವಾದಿಸಿದ. ಆಮೇಲೆ ಐದು ಸಾಲಾಗಿ ಸುಣ್ಣ.

ಆಟದ ಬಗೆ ನಮ್ಮ ಚಡುಗುಡುವಿಗೆ ದೂರದ ನೆಂಟ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ನುಗ್ಗಬೇಕು, ಎದುರಿನ ಹನ್ನೊಂದು ಜನ ಮೇಲೆ ಬಿದ್ದು ಕೆಡವುತ್ತಾರೆ. ನನಗೆ ಹಿಡಿಸಿದ್ದು ಬೇರೆ ಸಂಗತಿ. ನಾಲ್ಕು ಸಲ ಅವಕಾಶ. ಆ ನಾಲ್ಕು ಸಲದಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಸಲ ಸಿಗುತ್ತದೆ. ಹೋಯಿತೋ ಇಲ್ಲವೋ ಎಂದು ಅನುಮಾನ ಬಂದರೆ ಇಬ್ಬರು ಎರಡು ಕೋಲಿಗೆ ಕಟ್ಟಿದ ಸರಪಳಿ ತಂದು ನೆಲಕ್ಕೆ ಎಳೆದು ಹಿಡಿಯುತ್ತಾರೆ. ಅಷ್ಟು ದೊಡ್ಡ ದೇಶ, ಅಷ್ಟು ಯಂತ್ರ ಇದ್ದೂ ಕೊನೆಗೆ ಅಳೆಯುವುದು ನನ್ನ ಹಾಗೆಯೇ. ಇದನ್ನು ಕೇಳಿ ನಾನು ನಿನ್ನ ಅಮ್ಮನ ಮುಂದೆ ಸ್ವಲ್ಪ ಜಂಬ ಪಟ್ಟೆ. ಮೂರು ಸಲವೂ ಆಗದಿದ್ದರೆ ನಾಲ್ಕನೆಯದಕ್ಕೆ ಬಹಳ ಜನ ಪ್ರಯತ್ನ ಬಿಟ್ಟು ಚೆಂಡನ್ನು ದೂರ ಒದ್ದು ಎದುರಿನವರಿಗೆ ಕೊಟ್ಟುಬಿಡುತ್ತಾರಂತೆ. ಅದೇ ಜಾಣತನವಂತೆ.

ಇನ್ನು ಆ ತಂಡದವರ ಕಥೆ. ಗಟ್ಟಿಮುಟ್ಟಾದ ಹುಡುಗರೆಲ್ಲ ಯುದ್ಧಕ್ಕೆ ಹೋಗಿ, ಉಳಿದವರು ಸೈನ್ಯ ಬೇಡವೆಂದು ವಾಪಸ್ಸು ಕಳಿಸಿದವರು. ಒಬ್ಬನಿಗೆ ಒಂದು ಕಣ್ಣು ಮಂಜು, ಒಬ್ಬನಿಗೆ ಒಂದು ಕಿವಿ ಕೇಳದು, ಒಬ್ಬ ಆಟ ಬಿಟ್ಟು ಆರು ವರ್ಷ ಹಾಲಿನ ಗಾಡಿ ಹೊಡೆಯುತ್ತಿದ್ದವನು, ಅವನನ್ನೂ ಕರೆತಂದು ನಿಲ್ಲಿಸಿದ್ದಾರೆ. ಮತ್ತೊಬ್ಬನ ಮಂಡಿ ಹಾಳಾಗಿದೆ. ಸೈನ್ಯಕ್ಕೆ ಮೂರು ಸಲ ಹೋಗಿ ಮೂರು ಸಲವೂ ತಳ್ಳಿಸಿಕೊಂಡು ಬಂದವನು. ಎಂಟನೆಯ ಆಟದಲ್ಲಿ ದೊಡ್ಡ ಸೋಲಾಯಿತು. ಆವುಲಪ್ಪ ಇದ್ದಿಲು ಮುಟ್ಟಲು ಒಲ್ಲೆನೆಂದ, ವಾಲ್ಟರ್ ತಾನೇ ಗೀಟು ಎಳೆದ. ಆ ಸಲದ ತುಂಡಿನಲ್ಲಿ ಮಂಡಿಯವನ ಚಿತ್ರವಿತ್ತು. ಮಂಡಿಗೆ ತೊಗಲು, ಕಬ್ಬಿಣದ ಪಟ್ಟಿ ಸೇರಿಸಿ ಮಾಡಿದ ಕವಚ ಬಿಗಿದುಕೊಂಡು ಬೆಂಚಿನ ಮೇಲೆ ಕೂತಿದ್ದಾನೆ, ಮುಖ ಕೆಳಗೆ. ಉಳಿದವರು ಅವನ ಮುಖ ನೋಡಿ ಅಯ್ಯೋ ಎಂದರು, ನಾನು ಹೊಲಿಗೆ ನೋಡಿದೆ. ಚೆನ್ನಕೇಶವನ ಭೂತಗನ್ನಡಿ ಇಸಕೊಂಡು ನೋಡಿದೆ. ಒಂಟಿ ದಾರದ ಹೊಲಿಗೆ, ಅಂಚು ಮಡಿಸಿಲ್ಲ, ಒಳಗೆ ಮೆತ್ತೆಯಿಲ್ಲ. ಅಷ್ಟು ಸಂಬಳ ಕೊಡುವ ತಂಡಕ್ಕೆ ಒಬ್ಬ ಒಳ್ಳೆ ಹೊಲಿಯುವವನು ಸಿಗಲಿಲ್ಲವೇ ಎಂದು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ನಿನ್ನ ಪತ್ರ ನೆನಪಾಯಿತು, ಉಜ್ಜಿ ಹುಣ್ಣಾಯಿತು ಎಂದು ಬರೆದೆಯಲ್ಲ, ಅದು. ಎಲೋ ಚಿನ್ನಪ್ಪ, ನಿನ್ನನ್ನು ತೊಟ್ಟಿಲಲ್ಲಿ ತೂಗುವಾಗಿನಿಂದ ನಾನು ಹೇಳುತ್ತಿದ್ದ ಮಾತು ಯಾವುದು? ಹೆಗಲು ಹುಣ್ಣಾದರೆ ತಪ್ಪು ಕುದುರೆಯದಲ್ಲ, ಸಜ್ಜಿನದು. ಇದನ್ನು ನಾಲ್ಕು ತಿಂಗಳ ಹಿಂದೆಯೇ ನಿನಗೆ ಬರೆಯಬೇಕಿತ್ತು. ಮೂರು ಪತ್ರದಲ್ಲಿ ನಾನು ಬರೆದದ್ದೆಲ್ಲ ಬಾ, ಬಾ, ಬಾ ಎಂದಷ್ಟೆ.

ಕೊನೆಯ ಆಟದ ಸುದ್ದಿ ಮೊನ್ನೆ ಗುರುವಾರ ಬಂತು. ಸಂಕ್ರಾಂತಿಗೆ ಆವುಲಪ್ಪ ಬಳಿದ ಅರಿಸಿನ ಇನ್ನೂ ಹೇಸರಗತ್ತೆಗಳ ಕಿವಿಯ ಮೇಲಿತ್ತು. ಅವಕ್ಕೆ ಕೊಂಬಿಲ್ಲವಲ್ಲ, ಕಿವಿಗೇ ಬಳಿದಿದ್ದ. ಲಾಯದ ಮುಂದೆ ನಾವೆಲ್ಲ ಕೂತೆವು. ನಿನ್ನ ಅಮ್ಮನೂ ಬಂದಳು, ಗೋವಿಂದಮ್ಮ ಗೋಡೆಯ ಮರೆಗೆ ನಿಂತಳು. ಚೆನ್ನಕೇಶವ ಮೊದಲು ಕೊನೆಯ ಸಾಲು ನೋಡಿಬಿಡುತ್ತಾನೆಂದು ಆವುಲಪ್ಪ ಕಾಗದದ ಕೆಳಭಾಗವನ್ನು ಅಂಗೈಯಿಂದ ಮುಚ್ಚಿ ಹಿಡಿದ. ಹಿಮ ಬೀಳುತ್ತಿತ್ತಂತೆ. ನಮ್ಮವರು ನಾಲ್ಕು ಪಾಯಿಂಟು ಹಿಂದೆ. ನೋಡು, ನಮ್ಮವರು ಎಂದೇ ಬರೆದುಬಿಟ್ಟೆ. ಗಡಿಯಾರದಲ್ಲಿ ಇನ್ನು ಒಂದೇ ನಿಮಿಷ, ಚೆಂಡು ದಾಟಿಸಿದರೆ ಆರು ಪಾಯಿಂಟು ಸಿಗುವ ಕೊನೆಯ ಗೀಟು ಎರಡು ಗಜ ದೂರ. ಮೊದಲ ಸಲ ನುಗ್ಗಿದರು, ಬಿದ್ದರು. ಎರಡನೆಯ ಸಲ, ಮೂರನೆಯ ಸಲವೂ ಬಿದ್ದರು. ನಾಲ್ಕನೆಯದಕ್ಕೆ ಒದ್ದು ಕೊಡುವಂತಿಲ್ಲ. ಚೆಂಡು ಮಂಡಿಯವನ ಕೈಗೆ ಬಂತು. ಓಡಲಾರದವನ ಕೈಗೆ ಕೊಡುತ್ತಾರೆಂದು ಎದುರಿನವರು ಕನಸಿನಲ್ಲೂ ಎಣಿಸಿರಲಿಲ್ಲವಂತೆ. ಅವನು ಓಡಲಿಲ್ಲ, ಮುಂದಿನವರ ಬೆನ್ನಿಗೆ ಆತುಕೊಂಡು, ಕಾಲೆಳೆದುಕೊಂಡು ಹೋಗಿ ಗೀಟಿನ ಮೇಲೆ ಬಿದ್ದ. ಮೇಲಿಂದ ಒಬ್ಬೊಬ್ಬರನ್ನೇ ಎಬ್ಬಿಸಿ ನೋಡಿದರೆ ಅವನ ಎದೆಯ ಕೆಳಗಿದ್ದ ಚೆಂಡು ಗೀಟಿನಿಂದ ಒಂದು ಗೇಣು ಆಚೆಗಿತ್ತು. ಆವುಲಪ್ಪ ಸುಣ್ಣದ ಕುಡಿಕೆಯನ್ನೇ ಬಾಗಿಲಿಗೆ ಸುರಿದ. ವಾಲ್ಟರ್ ನನ್ನನ್ನು ಎತ್ತಿ ಸುತ್ತಿಸಿದ. ನಿನ್ನ ಅಮ್ಮ ಯಾರು ಗೆದ್ದರು, ಏನು ಗೆದ್ದರು ಒಂದೂ ತಿಳಿಯದೆ ಎಲ್ಲರಿಗೂ ಒಬ್ಬಟ್ಟು ಮಾಡಿ ಹಾಕಿದಳು. ಗೋವಿಂದಮ್ಮ ಮಾತ್ರ ಒಂದೇ ಒಂದು ಪ್ರಶ್ನೆ ಕೇಳಿದಳು: "ಆ ಮಂಡಿ ನೋವಿನವ್ರು ಆಮ್ಯಾಕೆ ಮನೆಗ್ ಹೋದ್ರಾ ಮಾವ?" ಪತ್ರಿಕೆಯಲ್ಲಿ ಅದನ್ನು ಬರೆದಿರಲಿಲ್ಲ. ಹೋಗಿರುತ್ತಾನಮ್ಮ ಎಂದೆ.

ನಿನಗೆ ನೀತಿ ಹೇಳಲು ಇಷ್ಟೆಲ್ಲ ಬರೆಯಲಿಲ್ಲ. ಯಾವುದೋ ಊರಿನವರು ಗೆದ್ದರೆ ನಿನಗೆ ಕಾಲು ಬರುವುದಿಲ್ಲ, ಅಷ್ಟು ನನಗೂ ಗೊತ್ತು. ಆದರೆ ಗುರುವಾರದಿಂದ ನನಗೆ ಸುಮ್ಮನಿರಲು ಆಗುತ್ತಿಲ್ಲ. ನೀನು ಸೈನ್ಯಕ್ಕೆ ಸೇರುವ ಹಿಂದಿನ ದಿನ ನಮ್ಮಿಬ್ಬರ ನಡುವೆ ನಡೆದದ್ದು ನಿನಗೆ ನೆನಪಿದ್ದೇ ಇದೆ. ನೀನು ನನ್ನ ಗೂಟಗಳನ್ನು ತೋರಿಸಿ, "ಈ ದಾರ ಗಂಟಾಕ್ಕೊಂಡು ನಾನ್ ಸಾಯಕಿಲ್ಲ ಕಣಪ್ಪೋ" ಅಂದೆ. ನನಗೆ ಕೋಪ ಮೂಗಿನ ತುದಿಯಲ್ಲಿ. "ಹೊಂಟೋಗ್ಲಾ, ಈ ಹೊಸಲ್ ಮ್ಯಾಕೆ ಇನ್ನು ನಿನ್ ಕಾಲ್ ಇಕ್ಬ್ಯಾಡ" ಅಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿನ್ನ ಅಮ್ಮ ಇದನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿಲ್ಲ. ನಿನ್ನ ಸೆಪ್ಟೆಂಬರಿನ ಪತ್ರ ಬಂದ ದಿನ ಮಾತ್ರ ಹೊಸಲನ್ನು ಎರಡು ಸಲ ತೊಳೆದು ಎರಡು ಸಲ ರಂಗೋಲಿ ಹಾಕಿದಳು. ನಾನು ನೋಡಿಕೊಂಡು ಕೂತಿದ್ದೆ. ಅಪ್ಪನಾದವನು ಮಗನ ಮುಂದೆ ತಪ್ಪಾಯಿತು ಎನ್ನುವುದು ನಮ್ಮಲ್ಲಿ ವಾಡಿಕೆಯಲ್ಲ. ಆದರೂ ಬರೆಯುತ್ತಿದ್ದೇನೆ, ತಪ್ಪಾಯಿತು ಮಗನೆ.

ವಾಲ್ಟರ್ ಬುಧವಾರ ಹೇಸರಗತ್ತೆಗಳ ಜೊತೆ ಬರ್ಮಾಕ್ಕೆ ಹೊರಡುತ್ತಾನೆ. ನಾನು ಹೊಲಿದ ಚೆಂಡನ್ನು ಗಾಳಿ ಬಿಟ್ಟು ಮಡಿಸಿ ಚೀಲದಲ್ಲಿಟ್ಟುಕೊಂಡಿದ್ದಾನೆ. ಗುಂಡಗಿನ ಚೆಂಡನ್ನೂ ಬಿಡಲಿಲ್ಲ, ಅಕ್ಕನಿಗೆ ತೋರಿಸಬೇಕಂತೆ. ನಿನ್ನ ವಿಷಯ ಚೆನ್ನಕೇಶವ ಅವನಿಗೆ ಹೇಳಿದ್ದಾನೆ. ನಿನ್ನೆ ಬಂದು ತನ್ನ ಜೀನಿನ ಅಡಿಗೆ ಹಾಕುತ್ತಿದ್ದ ಮೆತ್ತನೆಯ ಉಣ್ಣೆಯ ಹಾಸನ್ನು ನನ್ನ ಮುಂದಿಟ್ಟು ಹೋದ. ಅದು ಏತಕ್ಕೆ ಎಂದು ಕೆಳಗೆ ಬರೆಯುತ್ತೇನೆ. ಅವನು ಹೋದ ದಾರಿಯಲ್ಲೇ ಸುಖವಾಗಿ ಹಿಂತಿರುಗಲೆಂದು ನಮ್ಮ ದೇವರಿಗೆ ನೀನೂ ಒಮ್ಮೆ ಕೈ ಮುಗಿ.

ನಿನ್ನ ಅಮ್ಮ ಕದಿರಮ್ಮನ ಆಶೀರ್ವಾದ. ಗೋವಿಂದಮ್ಮ ನಮಸ್ಕಾರ ಬರೆಯಿರಿ ಎಂದಳು, ಮತ್ತೇನಾದರೂ ಬರೆಯಲೇ ಎಂದರೆ ತಲೆ ಬಗ್ಗಿಸಿ ಒಳಗೆ ಹೋದಳು. ಪಾಪಣ್ಣನಿಗೆ ನಮ್ಮ ಮನೆಯವರೆಲ್ಲರ ನೆನಪು ತಿಳಿಸು, ಅವನ ಋಣ ದೊಡ್ಡದು. ಆವುಲಪ್ಪ ತನ್ನ ಹಲ್ಲುಗಳ ಬಾಕಿ ಇನ್ನೂ ಉಳಿದಿದೆ ಎಂದು ಹೇಳಲು ಹೇಳಿದ.

ಇಂತಿ ನಿನ್ನ ಒಳಿತನ್ನೇ ಕೋರುವ ಅಪ್ಪ,
ಮುತ್ತರಾಯಪ್ಪ

ಮರೆತಿದ್ದೆ: ಕ್ಯಾಂಪಿನ ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಅಂಜನಪ್ಪ ಬೊಂಬೆ ಕೆತ್ತುವ ಹಗುರವಾದ ಆಲೆಮರದಲ್ಲಿ ಕಾಲು ಕೆತ್ತಲು ಒಪ್ಪಿದ್ದಾನೆ. ಮೇಲಿನ ತೊಗಲಿನ ಭಾಗ ನನ್ನದು. ಎರಡು ದಾರದ ಹೊಲಿಗೆ, ಒಳಗೆ ವಾಲ್ಟರನ ಉಣ್ಣೆಯ ಮೆತ್ತೆ, ಮುಂದುಗಡೆ ಚೆಂಡಿಗೆ ಬಿಟ್ಟ ಹಾಗೆ ಸೀಳು, ನೀನೇ ಎಳೆದು ಬಿಗಿದುಕೊಳ್ಳಬಹುದು. ಅಳತೆ ಕೇಳದೆ ಕತ್ತರಿಸುವ ತಪ್ಪನ್ನು ಇನ್ನೊಂದು ಸಲ ಮಾಡುವುದಿಲ್ಲ. ಈ ಲಕೋಟೆಯೊಳಗೆ ಮೇಣ ಹಚ್ಚಿದ ದಾರ ಇಟ್ಟಿದ್ದೇನೆ. ಪ್ರತಿ ಅಳತೆಯನ್ನೂ ದಾರದ ಮೊದಲ ತುದಿಯಿಂದಲೇ ಹಿಡಿ. ಎಡಗಾಲಿನ ಮಂಡಿಯ ಕೆಳಗೆ ಸುತ್ತಿ, ಸೇರಿದ ಕಡೆ ಒಂದು ಗಂಟು. ಕಾಲು ಮುಗಿಯುವ ಕಡೆ ಸುತ್ತಿ ಎರಡು ಗಂಟು. ಮಂಡಿಯಿಂದ ಆ ತುದಿಯವರೆಗಿನ ಉದ್ದಕ್ಕೆ ಮೂರು ಗಂಟು. ಬಲಗಾಲಿನ ಮಂಡಿಯಿಂದ ಹಿಮ್ಮಡಿಯವರೆಗೆ ನಾಲ್ಕು ಗಂಟು. ನಿನಗೆ ಹೇಳಿಕೊಡಬೇಕಾಗಿಲ್ಲ, ಆರು ವರ್ಷದವನಿದ್ದಾಗಲೇ ಕುದುರೆಗೆ ದಾರ ಹಿಡಿದವನು ನೀನು. ಕಾಗದ ಬರೆಯಲು ಮನಸ್ಸಿಲ್ಲದಿದ್ದರೆ ಬರೆಯಬೇಡ, ದಾರವೊಂದನ್ನೇ ಕಳಿಸು. ಅದು ಬಂತೆಂದರೆ ನೀನು ಬರುತ್ತೀಯೆಂದು ನಿನ್ನ ಹೆಂಡತಿಗೆ ಹೇಳಿಬಿಡುತ್ತೇನೆ. ಗೋಡೆಯಲ್ಲಿ ಹೊಸದಾಗಿ ಒಂದು ಗೂಟ ಹೊಡೆದಿದ್ದೇನೆ. ಗಂಟು ಬಿಗಿಯಾಗಿ ಹಾಕು, ಟಪಾಲಿನಲ್ಲಿ ಸಡಿಲವಾಗದ ಹಾಗೆ.